ಮಳೆಗೆ ಹೋಗುವ ಡಿಶ್ ಸಿಗ್ನಲ್: ಎಷ್ಟು ಹೋಗುತ್ತದೆ, ಎಷ್ಟನ್ನು ಉಳಿಸಿಕೊಳ್ಳಬಹುದು

ಭರಣಿ ಮಳೆ ಬೆಂಗಳೂರಿನ ಮೇಲೆ ಇಪ್ಪತ್ತು ನಿಮಿಷ ಗುಡುಗಿ ಹೋದರೆ ಅಷ್ಟು ಹೊತ್ತೂ ಟಿವಿ ಪರದೆ ಖಾಲಿ. ಆಗುಂಬೆಯಲ್ಲಿ ಆರಿದ್ರಾ ಮಳೆ ಬೆಳಗಿನಿಂದ ಸಂಜೆಯವರೆಗೆ ಹಿಡಿದರೂ ಬಹುಪಾಲು ಹೊತ್ತು ಚಿತ್ರ ಬರುತ್ತಲೇ ಇರುತ್ತದೆ. ದಿನಕ್ಕೆ ಎಷ್ಟು ಮಳೆ ಬಿತ್ತು ಎಂಬುದು ಉಪಗ್ರಹದ ಸಿಗ್ನಲ್‌ಗೆ ಲೆಕ್ಕಕ್ಕಿಲ್ಲ. ಆ ಗಳಿಗೆಯಲ್ಲಿ ಮಳೆಯ ರಭಸ ಎಷ್ಟು, ಡಿಶ್ ನೋಡುವ ದಾರಿಯಲ್ಲಿ ಅದು ಎಷ್ಟು ಉದ್ದಕ್ಕೆ ಹಬ್ಬಿದೆ, ಇವೆರಡೇ ಮುಖ್ಯ.

ಮಳೆಯನ್ನು ತಡೆಯಲು ಯಾರಿಗೂ ಆಗದು. ಆದರೆ ಮಳೆಯ ಮೇಲೆ ಹೊರಿಸುವ ದೂರುಗಳಲ್ಲಿ ಎಷ್ಟೋ ಪಾಲು ಮಳೆಯದ್ದಲ್ಲ. ಸ್ವಲ್ಪ ತಿರುಗಿದ ಡಿಶ್, ಸರಿಯಾಗಿ ತಿರುಚದ ಎಲ್‌ಎನ್‌ಬಿ (ಡಿಶ್ ಮುಂದಿನ ತೋಳಿನ ತುದಿಯಲ್ಲಿ ಸಿಗ್ನಲ್ ಹಿಡಿಯುವ ಸಾಧನ), ನೀರು ಕುಡಿದ ಕನೆಕ್ಟರ್ ಇವು ಬೇಸಿಗೆಯಲ್ಲೇ ಸಿಗ್ನಲ್ ತಿಂದಿರುತ್ತವೆ. ಉಳಿದ ಚೂರನ್ನು ಮಳೆ ಕಸಿಯುತ್ತದೆ, ಅಷ್ಟೆ. ಆದ್ದರಿಂದ ಈ ಕೆಲಸವನ್ನೆಲ್ಲ ಮಾಡಬೇಕಾದದ್ದು ಏಪ್ರಿಲ್ ತಿಂಗಳ ಒಣ ದಿನಗಳಲ್ಲಿ.

ಹನಿ ಮಾಡುವ ಕೆಲಸ

ಮನೆಯ ಡಿಶ್‌ಗಳು ಕೆಯು ಬ್ಯಾಂಡಿನಲ್ಲಿ, ಅಂದರೆ ಸುಮಾರು 11ರಿಂದ 12.75 ಗಿಗಾಹರ್ಟ್ಸ್‌ನಲ್ಲಿ ಕೆಲಸ ಮಾಡುತ್ತವೆ. 12 ಗಿಗಾಹರ್ಟ್ಸ್‌ನಲ್ಲಿ ತರಂಗದ ಉದ್ದ 2.5 ಸೆಂ.ಮೀ. ದಪ್ಪ ಮಳೆಹನಿ ಕೆಲವು ಮಿಲಿಮೀಟರ್ ಇರುತ್ತದೆ. ಎರಡೂ ಅಳತೆಗಳು ಹತ್ತಿರ ಬಂದಷ್ಟೂ ಹನಿ ತರಂಗದ ಶಕ್ತಿಯನ್ನು ಹೀರಿ ಬಿಸಿಯಾಗುತ್ತದೆ, ಒಂದಿಷ್ಟನ್ನು ಅತ್ತಿತ್ತ ಚೆದುರಿಸುತ್ತದೆ. ಹಳೆಯ ಎಂಟಡಿ ಡಿಶ್‌ಗಳ ಸಿ ಬ್ಯಾಂಡಿನಲ್ಲಿ ತರಂಗ 7.5 ಸೆಂ.ಮೀ. ಇದ್ದುದರಿಂದ ಅವು ಮಳೆಗೆ ಜಗ್ಗುತ್ತಿರಲಿಲ್ಲ. ಗಂಟೆಗೆ 50 ಮಿ.ಮೀ. ರಭಸದ ಮಳೆಯಲ್ಲಿ ಸಿ ಬ್ಯಾಂಡ್ ಒಂದು ಕಿಲೋಮೀಟರಿಗೆ ಕಳೆದುಕೊಳ್ಳುವುದು 0.03 ಡೆಸಿಬೆಲ್‌ನಷ್ಟು. ಅದೇ ಮಳೆಯಲ್ಲಿ ಕೆಯು ಬ್ಯಾಂಡ್ ಸುಮಾರು 2 ಡೆಸಿಬೆಲ್, 20 ಗಿಗಾಹರ್ಟ್ಸ್‌ನ ಕೆಎ ಬ್ಯಾಂಡ್ ಸುಮಾರು 4.5 ಡೆಸಿಬೆಲ್ ಕಳೆದುಕೊಳ್ಳುತ್ತವೆ. 3 ಡೆಸಿಬೆಲ್ ಎಂದರೆ ಶಕ್ತಿ ಅರ್ಧಕ್ಕೆ ಇಳಿಯಿತು, 10 ಎಂದರೆ ಹತ್ತನೇ ಒಂದು ಪಾಲು ಉಳಿಯಿತು ಎಂದು ನೆನಪಿಟ್ಟರೆ ಮುಂದಿನ ಲೆಕ್ಕಕ್ಕೆ ಸಾಕು.

ಎರಡನೇ ಪೆಟ್ಟು ಅನೇಕ ತಂತ್ರಜ್ಞರ ಗಮನಕ್ಕೂ ಬರುವುದಿಲ್ಲ. ನಿರಭ್ರ ಆಕಾಶ ಮೈಕ್ರೋವೇವ್‌ಗೆ ತಣ್ಣಗಿರುತ್ತದೆ. ಡಿಶ್, ಎಲ್‌ಎನ್‌ಬಿ ಎರಡನ್ನೂ ಸೇರಿಸಿದರೂ ಒಟ್ಟು ಗದ್ದಲ (ನಾಯ್ಸ್, ಇದನ್ನು ಉಷ್ಣತೆಯಂತೆ ಕೆಲ್ವಿನ್‌ನಲ್ಲಿ ಅಳೆಯುತ್ತಾರೆ) ಸುಮಾರು 80 ಕೆಲ್ವಿನ್ ಮಟ್ಟದಲ್ಲಿರುತ್ತದೆ. ಮಳೆ ಬಂದಾಗ ಸಿಗ್ನಲ್ ಹೀರಿದ ಅದೇ ನೀರು ತನ್ನ ಗದ್ದಲವನ್ನು ಡಿಶ್‌ಗೆ ಸೂಸುತ್ತದೆ. 3 ಡೆಸಿಬೆಲ್ ಮಳೆ ಸುಮಾರು 137 ಕೆಲ್ವಿನ್ ಸೇರಿಸುತ್ತದೆ. ಗದ್ದಲ 80ರಿಂದ 217ಕ್ಕೆ ಏರಿತು ಎಂದರೆ ಇನ್ನೂ 4.3 ಡೆಸಿಬೆಲ್ ಹೋಯಿತು. ಹಾಗಾಗಿ 3 ಡೆಸಿಬೆಲ್ ಮಳೆಗೆ ಡಿಶ್ ತೆರುವ ಬೆಲೆ 7 ಡೆಸಿಬೆಲ್‌ಗಿಂತ ಹೆಚ್ಚು. ಸೆಟ್ ಟಾಪ್ ಬಾಕ್ಸಿನಲ್ಲಿ 'ಸ್ಟ್ರೆಂತ್' ಪಟ್ಟಿ ಅಷ್ಟಾಗಿ ಇಳಿಯದೆ 'ಕ್ವಾಲಿಟಿ' ಮಾತ್ರ ಕುಸಿಯುವುದು ಇದರಿಂದಲೇ. ಸ್ಟ್ರೆಂತ್‌ನಲ್ಲಿ ಗದ್ದಲವೂ ಸೇರಿಕೊಂಡಿರುತ್ತದೆ. ನೋಡಬೇಕಾದದ್ದು ಯಾವಾಗಲೂ ಕ್ವಾಲಿಟಿ.

ನಮ್ಮ ತಲೆಯ ಮೇಲೂ ಹಿಮ ಕರಗುತ್ತಿರುತ್ತದೆ

ಕರ್ನಾಟಕದ ಮೇಲೆ ಸುಮಾರು 5 ಕಿ.ಮೀ. ಎತ್ತರದಲ್ಲಿ ಉಷ್ಣತೆ ಸೊನ್ನೆಗೆ ಇಳಿಯುತ್ತದೆ. ಎತ್ತರಕ್ಕೆ ಬೆಳೆದ ಗುಡುಗು ಮೋಡದಲ್ಲಿ, ಹರಡಿಕೊಂಡ ದಟ್ಟ ಮೋಡದಲ್ಲಿ ಅದರ ಮೇಲೆ ಇರುವುದು ಮಂಜುಗಡ್ಡೆ, ಹಿಮದ ಹಳಕು. ಒಣ ಹಿಮ ಸಿಗ್ನಲನ್ನು ಹೆಚ್ಚುಕಡಿಮೆ ಹಾಗೇ ಬಿಟ್ಟುಕೊಡುತ್ತದೆ, ಏಕೆಂದರೆ ಮಂಜುಗಡ್ಡೆ ಮೈಕ್ರೋವೇವ್ ಹೀರುವುದು ತೀರಾ ಕಡಿಮೆ. ತೊಂದರೆ ಅದು ಕರಗತೊಡಗಿದಾಗ. ಹಳಕಿನ ಮೈಗೆಲ್ಲ ನೀರಿನ ತೆಳು ಪದರ ಹತ್ತುತ್ತದೆ. ಗಾತ್ರ ಹಿಮದ್ದು, ಗುಣ ನೀರಿನದ್ದು. ಮೇಲಾಗಿ ಹಿಮ ಸೆಕೆಂಡಿಗೆ ಒಂದು ಮೀಟರಿನಂತೆ ನಿಧಾನ ಇಳಿಯುವುದರಿಂದ ಅಲ್ಲಿ ಕಣಗಳು ದಟ್ಟವಾಗಿರುತ್ತವೆ. ಪೂರ್ತಿ ಕರಗಿ ಹನಿಯಾದ ಮೇಲೆ ವೇಗ ಹಲವು ಪಟ್ಟು ಏರಿ ಹನಿಗಳ ನಡುವಿನ ಅಂತರ ಹೆಚ್ಚುತ್ತದೆ. ಹವಾಮಾನ ರಾಡಾರಿನ ಪರದೆಯಲ್ಲಿ ಈ ಕರಗುವ ಪದರ ಹೊಳೆಯುವ ಪಟ್ಟಿಯಾಗಿ ಕಾಣುತ್ತದೆ. ದಪ್ಪ ಅರ್ಧ ಕಿಲೋಮೀಟರ್ ಆಸುಪಾಸು.

ಈ ಪದರದ ಪಾಲು ಎದ್ದು ಕಾಣುವುದು ಸಣ್ಣ ಮಳೆಯಲ್ಲಿ. ಕೆಳಗೆ ಸೋನೆ ಬೀಳುತ್ತಿದ್ದರೂ ಕ್ವಾಲಿಟಿ ಅದಕ್ಕೆ ಮೀರಿ ಇಳಿದಿದ್ದರೆ ಈ ಪದರದ ಮೇಲೂ ಅನುಮಾನ ಪಡಬಹುದು. ಜಡಿಮಳೆಯಲ್ಲಿ ಕೆಳಗಿನ ನೀರಿನ ನಷ್ಟವೇ ಅಷ್ಟು ದೊಡ್ಡದಿರುವುದರಿಂದ ಇದು ಮರೆಯಾಗುತ್ತದೆ. ಆಲಿಕಲ್ಲಿಗೂ ಇದೇ ಮಾತು: ಒಣ ಆಲಿಕಲ್ಲು ಹೆಚ್ಚೇನೂ ಮಾಡದು, ಮೈ ಒದ್ದೆಯಾದ ಆಲಿಕಲ್ಲು ಸಿಗ್ನಲ್ ಕೆಡಿಸುತ್ತದೆ. ಪಶ್ಚಿಮ ಘಟ್ಟಕ್ಕೆ ಎದುರಾಗಿ ಏರುವ ಮುಂಗಾರು ಮೋಡಗಳಲ್ಲಿ ಬಹಳಷ್ಟು ಗಿಡ್ಡ ಮೋಡಗಳು. ಅವು ಸೊನ್ನೆ ಉಷ್ಣತೆಯ ಎತ್ತರ ತಲುಪುವ ಮೊದಲೇ ಸುರಿದುಬಿಡುತ್ತವೆ. ಸಿಗ್ನಲ್ ಅಲ್ಲಿ ದಾಟಬೇಕಾದ ಮಳೆಯ ಉದ್ದವೂ ಕಡಿಮೆ. ಆಗುಂಬೆಯ ಚಿತ್ರ ಉಳಿಯುವುದಕ್ಕೆ ಇದೂ ಒಂದು ಕಾರಣ.

ಹೆಜ್ಜೆ 1: ಒಣ ದಿನದ ಅಂಕಿ ಬರೆದಿಡಿ

ಮೋಡವಿಲ್ಲದ ದಿನ, ಡಿಶ್ ಮೇಲೆ ಇಬ್ಬನಿ ಆರಿದ ಮೇಲೆ, ನೀವು ನೋಡುವ ನಾಲ್ಕೈದು ಚಾನೆಲ್‌ಗಳಲ್ಲಿ ಕ್ವಾಲಿಟಿ ಎಷ್ಟಿದೆ ಎಂದು ದಿನಾಂಕದೊಂದಿಗೆ ಬರೆಯಿರಿ. ಚಾನೆಲ್‌ಗಳು ಬೇರೆ ಬೇರೆ ಟ್ರಾನ್ಸ್‌ಪಾಂಡರಿನವು (ಉಪಗ್ರಹದಲ್ಲಿನ ಮರುಪ್ರಸಾರ ಘಟಕ) ಇರಲಿ, ಅಡ್ಡ ಮತ್ತು ಲಂಬ ಧ್ರುವೀಕರಣ (ತರಂಗ ಕಂಪಿಸುವ ದಿಕ್ಕು) ಎರಡೂ ಬರಲಿ. ಬಾಕ್ಸ್ ತೋರಿಸುವ ಶೇಕಡಾವಾರು ಒಂದೊಂದು ಕಂಪನಿಯಲ್ಲಿ ಒಂದೊಂದು ಥರ. ನಿಜವಾದ ಅಳತೆ ಬೇಕಿದ್ದರೆ ಡೆಸಿಬೆಲ್‌ನಲ್ಲಿ ಸಿಗ್ನಲ್-ಗದ್ದಲದ ಅನುಪಾತ ತೋರಿಸುವ ಮೀಟರ್ ತರಿಸಿ. ಬರೀ ಪೀಂಗುಟ್ಟುವ ಅಗ್ಗದ ಸ್ಯಾಟ್ ಫೈಂಡರ್ ಒಟ್ಟು ಶಕ್ತಿಯನ್ನಷ್ಟೇ ಹೇಳುತ್ತದೆ, ಪಕ್ಕದ ಉಪಗ್ರಹಕ್ಕೂ ಹಾಗೇ ಪೀಂಗುಟ್ಟುತ್ತದೆ.

ಮಾರ್ಚ್ ಮಧ್ಯ ಮತ್ತು ಸೆಪ್ಟೆಂಬರ್ ಕೊನೆಯ ಕೆಲವು ದಿನ ಈ ಅಳತೆ ಬೇಡ. ಆಗ ದಿನಕ್ಕೆ ಕೆಲವು ನಿಮಿಷ ಸೂರ್ಯ ಉಪಗ್ರಹದ ನೇರ ಹಿಂದೆ ಬರುತ್ತಾನೆ, ಬಿಸಿಲಿನಲ್ಲೇ ಸಿಗ್ನಲ್ ಹೋಗುತ್ತದೆ.

ಹೆಜ್ಜೆ 2: ಕೈಯಲ್ಲಿ ಎಷ್ಟು ಉಳಿತಾಯವಿದೆ?

ಒಣ ದಿನದ ಅಂಕಿಯಿಂದ ಚಿತ್ರ ನಿಲ್ಲುವ ಮಟ್ಟವನ್ನು ಕಳೆದರೆ ಸಿಗುವುದು ಮಳೆಗೆಂದು ಕೈಯಲ್ಲಿರುವ ಉಳಿತಾಯ. ಡಿವಿಬಿ-ಎಸ್2 ಎಂಬ ಡಿಜಿಟಲ್ ಉಪಗ್ರಹ ಪ್ರಸಾರದಲ್ಲಿ ಈ ಮಟ್ಟ, ತರಂಗಕ್ಕೆ ಮಾಹಿತಿ ತುಂಬುವ ವಿಧಾನಕ್ಕೆ ತಕ್ಕಂತೆ ಬೇರೆ ಬೇರೆ: ಕ್ಯೂಪಿಎಸ್‌ಕೆ 3/4 ಎಂಬ ವಿಧಾನಕ್ಕೆ ಸುಮಾರು 4 ಡೆಸಿಬೆಲ್ ಸಾಕು. 8ಪಿಎಸ್‌ಕೆ 2/3ಕ್ಕೆ 6.6, 8ಪಿಎಸ್‌ಕೆ 3/4ಕ್ಕೆ 7.9 ಬೇಕು. ಒಂದೇ ಮಳೆಯಲ್ಲಿ ಕೆಲವು ಚಾನೆಲ್ ಮೊದಲು ಹೋಗಿ ಕೆಲವು ಉಳಿಯುವುದು ಈ ವ್ಯತ್ಯಾಸದಿಂದ.

ಈಗ ದಾರಿಯ ಉದ್ದ. ಮಂಗಳೂರಿನಿಂದ 93.5 ಡಿಗ್ರಿ ಪೂರ್ವ ರೇಖಾಂಶದ ಜಿಸ್ಯಾಟ್-15 ಉಪಗ್ರಹದ ಕಡೆಗೆ (ಡಿಡಿ ಫ್ರೀ ಡಿಶ್ ಬರುವುದು ಅಲ್ಲಿಂದ) ಏರುಕೋನ, ಅಂದರೆ ನೆಲಮಟ್ಟದಿಂದ ಮೇಲಕ್ಕೆ ನೋಡುವ ಕೋನ, ಸುಮಾರು 64 ಡಿಗ್ರಿ. 5 ಕಿ.ಮೀ. ಎತ್ತರದವರೆಗೆ ಮಳೆ ಇದ್ದರೆ ಓರೆ ದಾರಿಯ ಉದ್ದ 5.6 ಕಿ.ಮೀ. ಸಮುದ್ರಮಟ್ಟದಿಂದ 900 ಮೀಟರ್ ಮೇಲಿರುವ ಬೆಂಗಳೂರಿಗೆ ಅದು 4.5 ಕಿ.ಮೀ. ಎತ್ತರದಲ್ಲಿರುವ ಊರಿಗೆ ಅಷ್ಟು ಲಾಭ.

ಒಂದು ಲೆಕ್ಕ ಮಾಡಿ ನೋಡೋಣ. ಮಂಗಳೂರಿನ 60 ಸೆಂ.ಮೀ. ಡಿಶ್‌ನಲ್ಲಿ ಒಣ ದಿನದ ಅಳತೆ 12.5 ಡೆಸಿಬೆಲ್, ಪ್ರಸಾರ 8ಪಿಎಸ್‌ಕೆ 2/3 ಎಂದಿಟ್ಟುಕೊಳ್ಳಿ. ಉಳಿತಾಯ 5.9. ಗದ್ದಲದ ಏರಿಕೆಯನ್ನೂ ಸೇರಿಸಿದರೆ ಇದು ತಡೆದುಕೊಳ್ಳುವುದು 2.2 ಡೆಸಿಬೆಲ್ ಮಳೆಯನ್ನು ಮಾತ್ರ. ಗಂಟೆಗೆ 10 ಮಿ.ಮೀ. ಮಳೆ ಕಿಲೋಮೀಟರಿಗೆ 0.34 ಡೆಸಿಬೆಲ್ ತಿನ್ನುತ್ತದೆ, ಇಡೀ 5.6 ಕಿ.ಮೀ.ಗೆ 1.9. ಚಿತ್ರ ಕಷ್ಟಪಟ್ಟು ನಿಲ್ಲುತ್ತದೆ. ಗಂಟೆಗೆ 25 ಮಿ.ಮೀ. ಆದರೆ ಕಿಲೋಮೀಟರಿಗೆ ಸುಮಾರು 1 ಡೆಸಿಬೆಲ್. ಆ ಮಳೆ ಎರಡೂಕಾಲು ಕಿಲೋಮೀಟರ್ ಹಬ್ಬಿದ್ದರೂ ಚಿತ್ರ ಹೋಯಿತು. ಗಂಟೆಗೆ 100 ಮಿ.ಮೀ. ಎಂದರೆ ಕಿಲೋಮೀಟರಿಗೆ ಸುಮಾರು 5 ಡೆಸಿಬೆಲ್. ಅರ್ಧ ಕಿಲೋಮೀಟರ್ ಸಾಕು.

ಮಳೆಯ ರಭಸ ತಿಳಿಯಲು ದುಬಾರಿ ಸಾಧನ ಬೇಡ. ಬಾಯಿಯೂ ತಳವೂ ಒಂದೇ ಅಗಲದ ಸ್ಟೀಲ್ ಡಬ್ಬಿಯನ್ನು ಬಯಲಲ್ಲಿ 5 ನಿಮಿಷ ಇಡಿ. ತಳದಲ್ಲಿ 5 ಮಿ.ಮೀ. ನೀರು ನಿಂತರೆ ಗಂಟೆಗೆ 60 ಮಿ.ಮೀ. ರಭಸ.

ಹೆಜ್ಜೆ 3: ಕೇಬಲ್ ಮತ್ತು ಕನೆಕ್ಟರ್

ಮಲೆನಾಡು, ಕರಾವಳಿಯಲ್ಲಿ ಮೊದಲು ಕೈ ಹಾಕಬೇಕಾದ ಜಾಗ ಇದೇ. ಎಲ್‌ಎನ್‌ಬಿಗೆ ಬಾಕ್ಸಿನಿಂದ 13 (ಲಂಬ ಧ್ರುವೀಕರಣಕ್ಕೆ) ಅಥವಾ 18 (ಅಡ್ಡಕ್ಕೆ) ವೋಲ್ಟ್ ಇದೇ ಕೇಬಲಿನಲ್ಲಿ ಹೋಗುತ್ತದೆ. ಎಫ್ ಕನೆಕ್ಟರ್ ಒಳಗೆ ನೀರು ಸೇರಿದರೆ ಆ ವೋಲ್ಟೇಜಿಗೆ ತಾಮ್ರ ಹಸಿರುಗಟ್ಟಿ ಸವೆಯುತ್ತದೆ. ಉಪ್ಪುಗಾಳಿ ಇರುವಲ್ಲಿ ಒಂದೇ ಮಳೆಗಾಲ ಸಾಕು. ಹೊರಗಿನ ಹೆಣಿಗೆ ತಂತಿ ದೀಪದ ಬತ್ತಿಯಂತೆ ನೀರನ್ನು ಒಳಗೆಳೆಯುತ್ತದೆ, ಮೀಟರುಗಟ್ಟಲೆ ಕೇಬಲ್ ಹಾಳಾಗುತ್ತದೆ.

ಬಾಕ್ಸಿನ ಪ್ಲಗ್ ತೆಗೆದ ಮೇಲೆಯೇ ಕನೆಕ್ಟರ್ ಬಿಚ್ಚಿ. ಚಾಲೂ ಇದ್ದಾಗ ತಂತಿ ತಾಗಿದರೆ ಬಾಕ್ಸಿನ ವಿದ್ಯುತ್ ಭಾಗ ಸುಡಬಹುದು. ನಡುವಿನ ತಂತಿ ಕಪ್ಪಾಗಿದ್ದರೆ, ಹೆಣಿಗೆ ಬಣ್ಣಗೆಟ್ಟಿದ್ದರೆ ಸ್ವಚ್ಛವಾಗಿ ಹೊಳೆಯುವ ಭಾಗ ಸಿಗುವವರೆಗೆ ಕೇಬಲ್ ಕತ್ತರಿಸಿ. ಕೈಯಲ್ಲಿ ತಿರುಗಿಸಿ ಕೂರಿಸುವ ಕನೆಕ್ಟರ್ ಬೇಡ, ಅಮುಕುವ ಉಪಕರಣದಿಂದ ಕೂರಿಸುವ ಕಂಪ್ರೆಷನ್ ಕನೆಕ್ಟರ್ ಹಾಕಿಸಿ. ನಡುವಿನ ತಂತಿ ಕನೆಕ್ಟರಿನ ಅಂಚಿನಿಂದ 2-3 ಮಿ.ಮೀ. ಮಾತ್ರ ಹೊರಗಿರಲಿ. ಹೆಣಿಗೆಯ ಒಂದೇ ಒಂದು ಎಳೆ ಅದಕ್ಕೆ ತಾಗಿದರೂ ಶಾರ್ಟ್. ಮೇಲೆ ರಬ್ಬರ್ ಟೋಪಿ ಏರಿಸಿ, ಎಳೆದು ಸುತ್ತಿದರೆ ತನ್ನಲ್ಲೇ ಬೆಸೆದುಕೊಳ್ಳುವ ರಬ್ಬರ್ ಟೇಪ್ ಅನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ, ಪ್ರತಿ ಸುತ್ತು ಹಿಂದಿನದರ ಅರ್ಧ ಮುಚ್ಚುವಂತೆ. ಹೆಂಚು ಹೊದಿಸುವ ಕ್ರಮವೇ ಇದು: ಮೇಲಿನದು ಕೆಳಗಿನದರ ಮೇಲೆ ಬಂದರೆ ನೀರು ಜಾರುತ್ತದೆ. ಬರೀ ವಿದ್ಯುತ್ ಟೇಪ್ ಬಿಸಿಲಿಗೆ ಬಿಚ್ಚಿಕೊಂಡು ನೀರನ್ನು ಒಳಗೇ ಹಿಡಿದಿಡುತ್ತದೆ.

ಕೇಬಲ್ ಕನೆಕ್ಟರಿನಿಂದ ಹೊರಟು ಮೊದಲು ಕೆಳಗೆ ಜೋತು ಆಮೇಲೆ ಮೇಲೇರಲಿ. ನೀರು ಆ ಜೋಲಿನ ತಳದಲ್ಲೇ ತೊಟ್ಟಿಕ್ಕಿ ಹೋಗುತ್ತದೆ. ಗೋಡೆಯೊಳಗೆ ಹೋಗುವ ತೂತಿನ ಬಳಿಯೂ ಹಾಗೇ.

ಮಳೆ ಇಲ್ಲದಾಗಲೂ 18 ವೋಲ್ಟಿನ ಅಡ್ಡ ಧ್ರುವೀಕರಣದ ಚಾನೆಲ್‌ಗಳು ಮಾತ್ರ ಬಾರದಿದ್ದರೆ ದೋಷ ಇಲ್ಲೇ ಇರುವ ಸಂಭವ ಹೆಚ್ಚು. ಸವೆದ ತಂತಿಯಲ್ಲಿ ವೋಲ್ಟೇಜ್ ಇಳಿದು ಎಲ್‌ಎನ್‌ಬಿ ಲಂಬದಲ್ಲೇ ಉಳಿದುಬಿಡುತ್ತದೆ.

ಹೆಜ್ಜೆ 4: ದಿಕ್ಕು ಮತ್ತು ತಿರುಚು

60 ಸೆಂ.ಮೀ. ಡಿಶ್‌ನ ಕಿರಣದ ಅಗಲ, ಅಂದರೆ ಅದು ಚೆನ್ನಾಗಿ ಸಿಗ್ನಲ್ ಹಿಡಿಯುವ ಆಕಾಶದ ಹರವು, ಸುಮಾರು 2.9 ಡಿಗ್ರಿ. ಅದು 1 ಡಿಗ್ರಿ ತಪ್ಪಿದರೆ 1.4 ಡೆಸಿಬೆಲ್ ಹೋಗುತ್ತದೆ, ಒಣ ದಿನ ಯಾರಿಗೂ ಗೊತ್ತಾಗುವುದಿಲ್ಲ. ಮಂಗ ಕೂತು ಹೋದರೆ, ಬಟ್ಟೆ ಒಣಹಾಕುವ ಹಗ್ಗ ಕಟ್ಟಿದರೆ ಇಷ್ಟು ಸಲೀಸಾಗಿ ತಪ್ಪುತ್ತದೆ. ಕಂಬ ದಾರಕ್ಕೆ ಕಟ್ಟಿದ ತೂಕದ ಗುಂಡಿಗೆ ಸರಿಯಾಗಿ ನೆಟ್ಟಗಿದೆಯೇ ನೋಡಿ. ಬೋಲ್ಟ್ ಸಡಿಲಿಸಿ ಅಡ್ಡಕ್ಕೆ ಚೂರು ಚೂರೇ ಸರಿಸುತ್ತಾ ಪ್ರತಿ ಸಲ ಐದು ಸೆಕೆಂಡ್ ಕಾಯಿರಿ, ಬಾಕ್ಸಿನ ಅಂಕಿ ತಡವಾಗಿ ಬದಲಾಗುತ್ತದೆ. ಕ್ವಾಲಿಟಿ ಇಳಿಯತೊಡಗುವ ಎರಡೂ ತುದಿ ಗುರುತು ಮಾಡಿ ನಡುವೆ ನಿಲ್ಲಿಸಿ. ಏರುಕೋನಕ್ಕೂ ಹಾಗೇ. ಬೋಲ್ಟ್ ಬಿಗಿಯುವಾಗ ಡಿಶ್ ಜಾರುತ್ತದೆ, ಬಿಗಿದ ಮೇಲೆ ಮತ್ತೊಮ್ಮೆ ನೋಡಿ.

ಎಲ್‌ಎನ್‌ಬಿ ತಿರುಚುವ ಕೋನವನ್ನು ನಮ್ಮಲ್ಲಿ ಹಲವರು ಅಲಕ್ಷಿಸುತ್ತಾರೆ, ಇದರಿಂದ ಆಗುವ ನಷ್ಟ ದೊಡ್ಡದು. ಸಮಭಾಜಕಕ್ಕೆ ಹತ್ತಿರವಿರುವ ಊರುಗಳಲ್ಲಿ ಈ ಕೋನ ಬಹಳ ದೊಡ್ಡದಾಗುತ್ತದೆ. ಬೆಂಗಳೂರಿನಲ್ಲಿ 83 ಡಿಗ್ರಿ ಪೂರ್ವದ ಉಪಗ್ರಹಕ್ಕೆ ಸುಮಾರು 22 ಡಿಗ್ರಿ, 93.5ಕ್ಕೆ ಸುಮಾರು 50 ಡಿಗ್ರಿ, ಮಂಗಳೂರಿನಲ್ಲಿ 93.5ಕ್ಕೆ 54. ಇವೆಲ್ಲ ನಮ್ಮ ಪೂರ್ವಕ್ಕಿರುವುದರಿಂದ, ಡಿಶ್ ಹಿಂದೆ ನಿಂತು ಅದು ನೋಡುವ ಕಡೆಗೇ ಮುಖ ಮಾಡಿದಾಗ ಎಲ್‌ಎನ್‌ಬಿ ಅಪ್ರದಕ್ಷಿಣವಾಗಿ ತಿರುಗಬೇಕು. ಕತ್ತಿನ ಮೇಲಿರುವ ಡಿಗ್ರಿ ಗೆರೆಗಳನ್ನು ನೋಡಿ ಹತ್ತಿರಕ್ಕೆ ತಂದು, ಆಮೇಲೆ ಐದೈದು ಡಿಗ್ರಿ ಆಚೀಚೆ ಮಾಡಿ ಕ್ವಾಲಿಟಿ ಗರಿಷ್ಠವಾಗುವಲ್ಲಿ ಬಿಗಿಯಿರಿ. ಲೆಕ್ಕಕ್ಕೂ ಮೀಟರಿಗೂ ಹೊಂದದಿದ್ದರೆ ಮೀಟರನ್ನು ನಂಬಿ.

20 ಡಿಗ್ರಿ ತಪ್ಪಿದರೆ ಸಿಗ್ನಲ್ ಇಳಿಯುವುದು ಬರೀ ಅರ್ಧ ಡೆಸಿಬೆಲ್. ಆದರೆ ಇನ್ನೊಂದು ಧ್ರುವೀಕರಣದ ಪ್ರಸಾರ ಬರೀ 9 ಡೆಸಿಬೆಲ್ ಕೆಳಗೆ ಒಳನುಗ್ಗುತ್ತದೆ. 8ಪಿಎಸ್‌ಕೆ ಪ್ರಸಾರಕ್ಕೆ ಆಗ ಉಳಿತಾಯವೇ ಉಳಿಯುವುದಿಲ್ಲ. ತಪ್ಪು 5 ಡಿಗ್ರಿಯೊಳಗೆ ಇದ್ದರೆ ಅದು 21 ಡೆಸಿಬೆಲ್ ಕೆಳಗಿರುತ್ತದೆ, ಚಿಂತೆಯಿಲ್ಲ.

ಇದರ ಜೊತೆಗೆ ಒಂದು ಮಾತು. ಬೀಳುವ ಹನಿ ಚಪ್ಪಟೆಯಾಗುವುದರಿಂದ ಅಡ್ಡ ಧ್ರುವೀಕರಣಕ್ಕೆ ಮಳೆಯ ಪೆಟ್ಟು ಹೆಚ್ಚು ಎಂದು ಪುಸ್ತಕಗಳಲ್ಲಿ ಇದೆ. 93.5ರ 'ಅಡ್ಡ' ಮತ್ತು 'ಲಂಬ' ಬೆಂಗಳೂರಿಗೆ ತಲುಪುವಾಗ ಎರಡೂ ಹೆಚ್ಚುಕಡಿಮೆ 45 ಡಿಗ್ರಿ ವಾಲಿರುತ್ತವೆ. ಆ ವ್ಯತ್ಯಾಸ ಇಲ್ಲಿ ಬಹುತೇಕ ಅಳಿಸಿಹೋಗುತ್ತದೆ.

ಹೆಜ್ಜೆ 5: ಎಲ್‌ಎನ್‌ಬಿ ಮೂತಿ, ಡಿಶ್ ಗಾತ್ರ

ಎಲ್‌ಎನ್‌ಬಿ ಮೂತಿಯ ಪ್ಲಾಸ್ಟಿಕ್ ಮುಚ್ಚಳದ ಮೇಲೆ ನೀರು ಪದರವಾಗಿ ನಿಂತರೆ ಸಂಗ್ರಹವಾದ ಇಡೀ ಸಿಗ್ನಲ್ ಆ ನೀರನ್ನು ದಾಟಬೇಕು. ಧೂಳು, ಪಾಚಿ ಒರೆಸಿ, ಕಾರಿಗೆ ಹಚ್ಚುವ ಮೇಣ ತೆಳುವಾಗಿ ಹಚ್ಚಿದರೆ ನೀರು ಮಣಿಯಾಗಿ ಉರುಳುತ್ತದೆ. ಮುಚ್ಚಳ ಬಿರುಕು ಬಿಟ್ಟಿದ್ದರೆ ಎಲ್‌ಎನ್‌ಬಿ ಬದಲಿಸಿ, ಒಳಗೆ ಇರುವೆ, ಕಣಜ ಗೂಡು ಕಟ್ಟಿರುತ್ತವೆ. ಡಿಶ್ ಮುಂದೆ ಪ್ಲಾಸ್ಟಿಕ್ ಹಾಳೆ ಕಟ್ಟಬೇಡಿ. ಒದ್ದೆ ಹಾಳೆಯನ್ನು ಸಿಗ್ನಲ್ ದಾಟಬೇಕಾಗುತ್ತದೆ. ಅಡಿಕೆ ಸೋಗೆ, ಮಾವಿನ ಕೊಂಬೆ ದಾರಿಗೆ ಬಾಗಿದ್ದರೆ ಕಡಿಸಿ. ಒಣ ಎಲೆಗಿಂತ ಒದ್ದೆ ಎಲೆ ಹೆಚ್ಚು ಹೀರುತ್ತದೆ.

ಇಷ್ಟೆಲ್ಲ ಮಾಡಿದ ಮೇಲೆ ಮಾತ್ರ ದೊಡ್ಡ ಡಿಶ್ ಯೋಚನೆ. 60ರಿಂದ 90 ಸೆಂ.ಮೀ.ಗೆ ಹೋದರೆ 3.5 ಡೆಸಿಬೆಲ್ ಲಾಭ. ಮೇಲಿನ ಮಂಗಳೂರಿನ ಲೆಕ್ಕದಲ್ಲಿ ತಡೆಯಬಲ್ಲ ಮಳೆ 2.2ರಿಂದ 4.4 ಡೆಸಿಬೆಲ್‌ಗೆ ಏರುತ್ತದೆ. ಸಾಧಾರಣ ಮುಂಗಾರಿಗೆ ಇದು ದೊಡ್ಡ ವ್ಯತ್ಯಾಸ. 1.2 ಮೀಟರ್ ಹಾಕಿದರೂ 6.3ಕ್ಕೆ ನಿಲ್ಲುತ್ತದೆ, ಗಂಟೆಗೆ 100 ಮಿ.ಮೀ. ಸುರಿಯುವ ಗುಡುಗು ಮಳೆಗೆ ಒಂದೂಕಾಲು ಕಿಲೋಮೀಟರ್ ಸಾಕು. ಮಳೆಗೆ ಎಂದೂ ಹೋಗದ ಡಿಶ್ ಎಂದು ಯಾರಾದರೂ ಮಾರಲು ಬಂದರೆ ನಂಬಬೇಡಿ. 90ರ ಕಿರಣ 2 ಡಿಗ್ರಿಗೂ ಕಡಿಮೆ ಅಗಲ, ಅದು 1 ಡಿಗ್ರಿ ತಪ್ಪಿದರೆ 3 ಡೆಸಿಬೆಲ್ ಹೋಗಿ ಹಾಕಿದ ದುಡ್ಡೆಲ್ಲ ದಂಡ.

ಮಳೆ ಬೀಳುತ್ತಿರುವಾಗ

ಗುಡುಗುವಾಗ ಮಹಡಿ ಹತ್ತಬೇಡಿ. ಬಾಕ್ಸಿನಲ್ಲಿ ಚಾನೆಲ್ ಹುಡುಕಾಟ ಶುರುಮಾಡಬೇಡಿ. ಸಿಗ್ನಲ್ ಇಲ್ಲದಾಗ ಹುಡುಕಿದರೆ ಇದ್ದ ಪಟ್ಟಿಯೂ ಅಳಿಸಿಹೋಗಬಹುದು. ಹೋದ ಹೊತ್ತು, ಬಂದ ಹೊತ್ತು ಬರೆದಿಡಿ, ದೋಷ ಎಲ್ಲಿದೆ ಎಂದು ಆ ಚೀಟಿ ಹೇಳುತ್ತದೆ.

ಮಳೆ ಇಳಿದ ಕೆಲವೇ ನಿಮಿಷದಲ್ಲಿ ಚಿತ್ರ ಮರಳಿದರೆ ಅದು ಮಳೆಯದ್ದೇ. ಮನೆ ಮೇಲೆ ಹನಿ ಬೀಳುವ ಮೊದಲೇ ಹೋದರೂ ಮಳೆಯದ್ದೇ: 93.5ರ ಕಡೆಗಿನ ದಾರಿ ಬೆಂಗಳೂರಿನಿಂದ ಆಗ್ನೇಯಕ್ಕೆ ಸುಮಾರು 2 ಕಿ.ಮೀ.ವರೆಗೆ ಚಾಚಿರುತ್ತದೆ, ಆ ಕಡೆ ಕಪ್ಪಾಗಿದೆಯೇ ನೋಡಿ. ಮಳೆ ನಿಂತು ಗಂಟೆಗಟ್ಟಲೆ ಆದರೂ ಬಾರದೆ, ಬಿಸಿಲು ಬಿದ್ದ ಮೇಲೆ ಬಂದರೆ ಕನೆಕ್ಟರಿನಲ್ಲಿ ನೀರಿದೆ. ಗಾಳಿಗೆ ಬಿಟ್ಟು ಬಿಟ್ಟು ಹೋದರೆ ಬೋಲ್ಟ್ ಸಡಿಲ. ಸೋನೆಗೂ ಹೋಗುತ್ತಿದ್ದರೆ ಒಣ ದಿನದ ಅಂಕಿಗೆ ಹಿಂತಿರುಗಿ, ಉಳಿತಾಯ ಮೊದಲೇ ಖಾಲಿಯಾಗಿರುತ್ತದೆ.

ಬ್ಯಾಂಕ್ ಶಾಖೆ, ಪೆಟ್ರೋಲ್ ಬಂಕ್‌ಗಳ ವಿ-ಸ್ಯಾಟ್‌ಗಳಿಗೆ (ಉಪಗ್ರಹದ ಮೂಲಕ ಡೇಟಾ ಕಳಿಸುವ, ಪಡೆಯುವ ಸಣ್ಣ ಡಿಶ್ ಕೇಂದ್ರ) ಇನ್ನೊಂದು ಅನುಕೂಲವಿದೆ. ಮಳೆಯಲ್ಲಿ ಅವು 8ಪಿಎಸ್‌ಕೆಯಿಂದ ಕ್ಯೂಪಿಎಸ್‌ಕೆ 1/2ಕ್ಕೆ ಇಳಿಯಬಲ್ಲವು, ಅದಕ್ಕೆ ಬರೀ 1 ಡೆಸಿಬೆಲ್ ಸಾಕು. ವೇಗ ಕುಗ್ಗುತ್ತದೆ, ಸಂಪರ್ಕ ಉಳಿಯುತ್ತದೆ. ಗುತ್ತಿಗೆಯಲ್ಲಿ ಈ ಸೌಲಭ್ಯ ಚಾಲೂ ಇದೆಯೇ ಕೇಳಿ. ಲಭ್ಯತೆ 99.9 ಶೇಕಡಾ ಎಂದು ಬರೆದಿದ್ದರೆ ವರ್ಷಕ್ಕೆ ಸುಮಾರು 8 ಗಂಟೆ 45 ನಿಮಿಷ ಹೋಗಬಹುದು ಎಂದರ್ಥ, ಅದರಲ್ಲಿ ಹೆಚ್ಚಿನದು ಗುಡುಗು ಮಳೆಯ ಸಂಜೆಗಳಲ್ಲೇ ಬರುತ್ತದೆ. ಕೆಎ ಬ್ಯಾಂಡ್ ಸಂಪರ್ಕ ತೆಗೆದುಕೊಳ್ಳುವವರು ಮೊಬೈಲ್ ಡೇಟಾದ ಇನ್ನೊಂದು ದಾರಿ ಇಟ್ಟುಕೊಳ್ಳುವುದು ಲೇಸು.

ಹಿಮ ಬೀಳುವ ಊರಿನಲ್ಲಿ

ಕಾಶ್ಮೀರ, ಹಿಮಾಚಲ, ಲಡಾಖ್‌ನಲ್ಲಿ ಕೆಲಸಕ್ಕಿರುವವರಿಗೆ ತೊಂದರೆ ಆಕಾಶದಲ್ಲಿಲ್ಲ, ಡಿಶ್ ಮೇಲೆಯೇ ಇರುತ್ತದೆ. ಕೊರೆವ ಚಳಿಯಲ್ಲಿ ಬೀಳುವ ಪುಡಿ ಹಿಮ ತೆಳುವಾಗಿ ಕೂತರೆ ಅಷ್ಟಾಗಿ ತೊಂದರೆಯಿಲ್ಲ. ಸೊನ್ನೆಯ ಆಸುಪಾಸಿನಲ್ಲಿ ಬೀಳುವ, ಇಲ್ಲವೇ ಮಧ್ಯಾಹ್ನದ ಬಿಸಿಲಿಗೆ ಕರಗತೊಡಗಿದ ಒದ್ದೆ ಹಿಮವೇ ಅಪಾಯ: ಸಿಗ್ನಲ್ ಅದನ್ನು ಒಳಹೋಗುವಾಗ ಒಮ್ಮೆ, ಪ್ರತಿಫಲಿಸಿ ಹೊರಬರುವಾಗ ಇನ್ನೊಮ್ಮೆ ದಾಟಬೇಕು. ದಪ್ಪ ಒಂದೇ ಸಮ ಇಲ್ಲದಿದ್ದರೆ ಡಿಶ್‌ನ ಆಕಾರವೇ ಕೆಟ್ಟಂತಾಗಿ ಸಿಗ್ನಲ್ ಎಲ್‌ಎನ್‌ಬಿ ಮೂತಿಗೆ ಕೂಡುವುದಿಲ್ಲ. ಬೆಳಗ್ಗೆ ಚೆನ್ನಾಗಿದ್ದು ಬಿಸಿಲೇರಿದ ಮೇಲೆ ಹೋಗುವುದು ಇದಕ್ಕೇ.

ಡಿಶ್ ಅನ್ನು ನೆಲದಿಂದ ಕೈಗೆಟುಕುವ ಎತ್ತರದಲ್ಲಿ, ಸೂರಿನಿಂದ ಹಿಮ ಜಾರಿ ಬೀಳದ ಕಡೆ ಹಾಕಿಸಿ. ಮೆತ್ತನೆ ಪೊರಕೆಯಿಂದ ಮೇಲಿನಿಂದ ಕೆಳಕ್ಕೆ ತಳ್ಳಿ, ಎಲ್‌ಎನ್‌ಬಿ ತೋಳಿಗೆ ತಾಗದಂತೆ. ಸಲಿಕೆ, ಸೌಟು ಬೇಡ, ಗೀರು ಬಿದ್ದಲ್ಲಿ ತುಕ್ಕು ಹಿಡಿಯುತ್ತದೆ. ಹೆಪ್ಪುಗಟ್ಟಿದ್ದರೆ ಬಡಿಯಬೇಡಿ, ಕುದಿವ ನೀರೂ ಬೇಡ. ಉಗುರುಬೆಚ್ಚಗಿನ ನೀರು ಸುರಿದು ತಕ್ಷಣ ಒಣ ಬಟ್ಟೆಯಿಂದ ಒರೆಸಿ, ಇಲ್ಲವಾದರೆ ಅದೇ ನೀರು ಮತ್ತೆ ಗಟ್ಟಿಯಾಗುತ್ತದೆ. ಕೊನೆಗೆ ಎಲ್‌ಎನ್‌ಬಿ ಮೂತಿ ಒರೆಸಿ, ಕ್ವಾಲಿಟಿ ಒಣ ದಿನದ ಅಂಕಿಗೆ ಮರಳಿತೇ ನೋಡಿ. ಮರಳದಿದ್ದರೆ ಹಿಮದ ಭಾರಕ್ಕೆ ಡಿಶ್ ಬಾಗಿದೆ, ಹೆಜ್ಜೆ 4ರಿಂದ ಮತ್ತೆ ಹೊಂದಿಸಬೇಕು.